ನಡುಗೋಡೆ ಮುಟ್ಟುವ ಮುನ್ನ

ಪಾರ್ಶ್ವವಾಯು ಬಡಿದ ಮೇಲೆ ರೋಲಂಡ್‌ಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಇಂಗ್ಲೆಂಡಿನ ಡಾರ್ಬಿ ಊರಿನ ಅವರ ಬೀದಿಯಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ಮಲಗುವ ಕೋಣೆ, ಬಚ್ಚಲು ಎಲ್ಲ ಮಹಡಿಯ ಮೇಲೆ. ಹೆಂಡತಿ ಲೊರೇನ್ ಬೀದಿ ಬದಿಯ ಕೋಣೆಯಲ್ಲೇ ಅವನಿಗೆ ಮಂಚ ಹಾಕಿದಳು, ಪಕ್ಕದಲ್ಲಿ ಕಮೋಡು ಕುರ್ಚಿ ಇಟ್ಟಳು. ಯಾರಾದರೂ ಬಂದರೆ ರೋಲಂಡ್ ನಾಚಿಕೆಯಿಂದ ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಮಲಗಿಬಿಡುತ್ತಿದ್ದ.

"ಹಿತ್ತಿಲ ಕಡೆ ಒಂದು ಕೋಣೆ, ಒಂದು ಬಚ್ಚಲು ಕಟ್ಟಿಸ್ತೀನಿ ಕಣೋ ರೋಲಿ. ಚಳಿಗಾಲದೊಳಗೆ ಮುಗಿಯುತ್ತೆ," ಅಂದಳು ಲೊರೇನ್.

ಕಟ್ಟುವವನು ಅವಳ ತಮ್ಮ ಡೆರೆಕ್. ಅವನು ನಕ್ಷೆ ಹರಡಿ ಕೂತಿದ್ದ ದಿನ ಎದುರು ಮನೆಯ ಬರ್ನಡೆಟ್ ಚಹಾಕ್ಕೆ ಬಂದಳು. ಅವಳು ಹಿಂದಿನ ವರ್ಷವಷ್ಟೇ ಮನೆಯ ಅಟ್ಟವನ್ನು ಕೋಣೆ ಮಾಡಿಸಿದ್ದಳು.

"ಪಕ್ಕದ ಮನೆಯ ಐವರ್‌ಗೆ ನೋಟಿಸು ಕೊಟ್ಟೆಯಾ?" ಅಂತ ಲೊರೇನ್‌ಳನ್ನು ಕೇಳಿದಳು.

"ಯಾತರ ನೋಟಿಸು? ನಮ್ಮ ಜಾಗದಲ್ಲಿ ನಾವು ಕಟ್ಟೋಕೆ?"

"ಜಾಗ ನಿಂದು, ಗೋಡೆ ಇಬ್ಬರದು. ನಿನ್ನ ಕಬ್ಬಿಣದ ತೊಲೆ ಕೂರೋದು ಆ ನಡುಗೋಡೇಲಿ. ಪಾಯ ತೋಡೋದು ಅವರ ಪಾಯದ ಮಗ್ಗುಲಲ್ಲಿ. ಕೆಲಸಕ್ಕೆ ಎರಡು ತಿಂಗಳು ಮುಂಚೆ ಬರೆದು ಕೊಡಬೇಕು. ಅವರು ಒಪ್ಪಿ ಬರೆದು ಕೊಟ್ರೆ ಖರ್ಚೇ ಇಲ್ಲ ಅನ್ನು."

"ಒಪ್ಪದಿದ್ರೆ?"

"ಒಪ್ಪದಿದ್ರೂ ಅಷ್ಟೇ, ಉತ್ತರ ಕೊಡದೆ ಸುಮ್ನಿದ್ರೂ ಅಷ್ಟೇ, ಗೋಡೆ ನೋಡಿ ಷರತ್ತು ಬರೆದು ಕೊಡೋಕೆ ಸರ್ವೇಯರ್ ಬರಬೇಕು. ಇಬ್ಬರೂ ಸೇರಿ ಒಬ್ಬರನ್ನೇ ಇಟ್ಕೊಂಡ್ರೆ ಸಾವಿರ ಪೌಂಡು, ಒಂದಿಷ್ಟು ಮೇಲೂ ಆದೀತು. ಅವರಿಗೊಬ್ಬ ನಿನಗೊಬ್ಬ ಅಂದ್ರೆ ಎರಡು ಪಟ್ಟು. ಸಾಮಾನ್ಯವಾಗಿ ಎರಡೂ ಕಟ್ಟಿಸೋರ ತಲೆ ಮೇಲೇ."

ಡೆರೆಕ್ ನಕ್ಕ. "ನಿನ್ನ ಹತ್ರ ದುಡ್ಡು ಕಿತ್ಕೊಂಡ್ರು ಅಂತ ನಮ್ಮ ಹತ್ರಾನೂ ಕೀಳಿಸ್ತೀಯಾ, ಬರ್ನಿ? ಎಷ್ಟು ಮನೆ ಕಟ್ಟಿದೀನಿ, ಯಾವ ನೆರೆಯವನೂ ಕೇಳಿಲ್ಲ."

"ಗೋಡೆ ಬಿರುಕು ಬಿಟ್ಟಿರಲ್ಲ, ಅದಕ್ಕೆ ಕೇಳಿಲ್ಲ."

ಲೊರೇನ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆ ಸಾವಿರ ಪೌಂಡು ಬಚ್ಚಲಿನ ಹಿಡಿಕೆಗಳಿಗೆ, ಗಾಲಿಕುರ್ಚಿ ನುಗ್ಗುವಂಥ ಬಾಗಿಲಿಗೆ ಬೇಕಿತ್ತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಕೇಳಿದರೆ ಐವರ್ ಬೇಡ ಅಂದುಬಿಟ್ಟರೆ? ಅವಳು ಕೇಳಲೇ ಇಲ್ಲ.

ಪಾಯ ತೋಡಿದರು. ಅಡುಗೆಮನೆಯ ಹಿಂಗೋಡೆ ಒಡೆದು ನಡುಗೋಡೆಗೆ ತೊಲೆ ತೂರಿಸಿದರು. ಮರುದಿನ ಬೆಳಿಗ್ಗೆ ಐವರ್ ಬಾಗಿಲು ಬಡಿದ. ಮನೆಯೊಳಗಿನ ಚಪ್ಪಲಿಯಲ್ಲೇ ಬಂದಿದ್ದ, ಹೆಗಲ ತುಂಬ ಸುಣ್ಣದ ಪುಡಿ.

"ಬಾ, ನೋಡು ಬಾ," ಅಂದ.

ಅವನ ಹೆಂಡತಿ ಮೂರಿಯಲ್‌ಗೆ ಮೊದಲೇ ಉಬ್ಬಸ. ಅವಳು ಮೆಟ್ಟಿಲ ಮೇಲೆ ಕೂತು, ಬಾಯಿಗೆ ಬಟ್ಟೆ ಒತ್ತಿಕೊಂಡು ಉಸಿರಿಗಾಗಿ ಒದ್ದಾಡುತ್ತಿದ್ದಳು. ಮಹಡಿಯ ಕೋಣೆಯಲ್ಲಿ ಅವಳ ಮಂಚದ ಮೇಲ್ಗಡೆ, ಗೋಡೆ ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಹಾಸಿಗೆಯ ಮೇಲೆ ಗಾರೆಯ ಹೆಂಟೆಗಳು ಬಿದ್ದಿದ್ದವು.

"ಒಂದು ಮಾತು ಹೇಳಬಾರದಿತ್ತಾ ಲೊರೇನ್?"

"ನೀವು ಬೇಡ ಅಂದ್ರೆ ಅಂತ ಹೆದರಿದೆ, ಐವರ್."

"ಬೇಡ ಅಂತಿರಲಿಲ್ಲ. ಯಾರಾದ್ರೂ ತಿಳಿದೋರು ಮೊದಲು ಗೋಡೆ ನೋಡ್ಲಿ ಅಂತಿದ್ದೆ. ಒಳಗೆಲ್ಲ ಪುಡಿ ಪುಡಿ ಅಂತ ನನಗೆ ಗೊತ್ತಿತ್ತು. ಅವಳು ಮಲಗಿದ್ದಾಗ ಬಿದ್ದಿದ್ರೆ ಏನು ಗತಿ?"

ಆ ವಾರವೇ ಐವರ್‌ನ ಮಗಳು ವಕೀಲರನ್ನು ಹಿಡಿದಳು. ಕೋರ್ಟಿನಿಂದ ತಡೆಯಾಜ್ಞೆ ಬಂತು. ಕೆಲಸ ನಿಂತಿತು.

ಅಡುಗೆಮನೆಯ ಹಿಂಬದಿಗೆ ಗೋಡೆಯಿರಲಿಲ್ಲ, ಟಾರ್ಪಾಲು ಒಂದೇ. ಚಳಿಗಾಲ ನೇರ ಒಳಗೇ ಬಂತು. ಹೀಟರ್ ಎಷ್ಟು ಉರಿಸಿದರೂ ರೋಲಂಡ್‌ನ ಕೈಕಾಲು ಬೆಚ್ಚಗಾಗಲಿಲ್ಲ. ಎದೆಗೆ ಶೀತ ಇಳಿದು ಆಸ್ಪತ್ರೆ ಸೇರಿದ. ಇಂಥ ಮನೆಗೆ ವಾಪಸು ಕಳಿಸಲಾಗದು ಎಂದು ಅಲ್ಲಿಯವರು ಅವನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದರು.

ಬರ್ನಡೆಟ್ ಜೊತೆ ಕೂತು ಲೊರೇನ್ ಕೊನೆಗೂ ನೋಟಿಸು ಬರೆದಳು. ಆದರೆ ಒಬ್ಬನೇ ಸರ್ವೇಯರ್ ಸಾಕು ಅನ್ನುವಷ್ಟು ನಂಬಿಕೆ ಈಗ ಐವರ್‌ಗೆ ಉಳಿದಿರಲಿಲ್ಲ. ಇಬ್ಬರು ಸರ್ವೇಯರ್‌ಗಳು, ಎರಡು ಕಡೆಯ ವಕೀಲರು, ಮೂರಿಯಲ್‌ಳ ಗೋಡೆಯ ರಿಪೇರಿ ಎಲ್ಲವೂ ಲೊರೇನ್ ಮೇಲೆಯೇ ಬಿತ್ತು. ಕೋಣೆಗೆಂದು ಕೂಡಿಟ್ಟ ಹಣ ಅದಕ್ಕೇ ಮುಗಿಯಿತು. ಕೆಲಸ ಮಾಡಬಹುದು ಎಂಬ ಒಪ್ಪಿಗೆ ಸರ್ವೇಯರ್‌ಗಳಿಂದ ಬಂದಾಗ ಮಾಡಿಸಲು ದುಡ್ಡಿರಲಿಲ್ಲ. ಡೆರೆಕ್ ತಲೆ ತಗ್ಗಿಸಿಕೊಂಡು ಬಂದು, ಒಡೆದ ಗೋಡೆಯನ್ನು ಮತ್ತೆ ಇಟ್ಟಿಗೆಯಿಂದ ಮುಚ್ಚಿದ.

"ಕೋಣೆ ಎಲ್ಲಿಗೆ ಬಂತು?" ಅಂತ ಕೇಂದ್ರಕ್ಕೆ ನೋಡಲು ಬಂದ ಲೊರೇನ್‌ಳನ್ನು ರೋಲಂಡ್ ತೊದಲುತ್ತ ಕೇಳಿದ.

"ಆಗ್ತಾ ಇದೆ ಕಣೋ."

"ಕಿಟಕಿ ಇದೆಯಾ?"

"ದೊಡ್ಡದು," ಅಂದಳು ಲೊರೇನ್. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಅತ್ತಳು.

ಅವನು ವಸಂತ ಬರುವ ಮೊದಲೇ ಆ ಕೇಂದ್ರದಲ್ಲೇ ಹೋಗಿಬಿಟ್ಟ. ಮಣ್ಣಿಗೆ ಐವರ್ ಬಂದು ಹಿಂದೆ ನಿಂತಿದ್ದ. ಲೊರೇನ್ ಅವನ ಹತ್ತಿರ ಹೋಗಲು ಹೆಜ್ಜೆಯಿಟ್ಟಳು, ಅರ್ಧದಲ್ಲೇ ಹಿಂದಿರುಗಿಬಿಟ್ಟಳು. ಈಗ ಡೆರೆಕ್ ಯಾರ ಮನೆಯ ಕೆಲಸ ಹಿಡಿದರೂ ಮೊದಲು "ಪಕ್ಕದವರಿಗೆ ಬರೆದು ಕೊಟ್ರಾ?" ಎಂದೇ ಕೇಳುತ್ತಾನೆ. ಇಲ್ಲ ಅಂದರೆ ಸಲಕರಣೆ ವ್ಯಾನಿನಿಂದ ಕೆಳಗಿಳಿಸುವುದಿಲ್ಲ. ಆದರೆ ಅಕ್ಕನ ಮುಖ ನೋಡಿ ಮಾತಾಡಲು ಇಂದಿಗೂ ಅವನಿಗಾಗುವುದಿಲ್ಲ.

ಓದುತ್ತಿರುವ ನೀವೂ ಇಂಥದೇ ಬೀದಿಯಲ್ಲಿದ್ದರೆ, ಮೇಸ್ತ್ರಿಯನ್ನು ಕರೆಯುವ ಮೊದಲು ಪಕ್ಕದ ಮನೆಗೆ ಹೋಗಿ. ನಕ್ಷೆ ತೋರಿಸಿ, ಸಮಯವಿರುವಾಗಲೇ ನೋಟಿಸು ಕೊಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಸರ್ವೇಯರ್ ಬೇಕೆಂದರೆ ಮುನಿಸಿಕೊಳ್ಳಬೇಡಿ; ಇಬ್ಬರಿಗೂ ಒಬ್ಬರೇ ಸಾಕೇ ಎಂದು ಕೇಳಿ. ಇಟ್ಟಿಗೆ, ಸಿಮೆಂಟಿನ ಜೊತೆಗೆ ಆ ಖರ್ಚನ್ನೂ ಮೊದಲೇ ತೆಗೆದಿಡಿ. ಬೇಡ ಅಂದಾರೆಂಬ ಭಯ ನಿಮಗೂ ಇರಬಹುದು. ಇದ್ದರೂ ಕೇಳಿ. ಬೇಡ ಅಂದರೂ ಸರ್ವೇಯರ್ ಮೂಲಕ ಮುಂದುವರಿಯಲು ಕಾನೂನೇ ದಾರಿ ಇಟ್ಟಿದೆ. ಕೇಳದೆ ಹೋದದ್ದಕ್ಕೆ ದಾರಿಯಿಲ್ಲ.