ನಾಲ್ಕನೆಯ ಮಹಡಿಯ ಮಗ್ಗ

“ಇದೇ ನೋಡಿ ನಾವಿದ್ದ ಬೀದಿ. ಐನೂರು ವರ್ಷದ ಹಿಸ್ಟರಿ ಇದೆ ಇದಕ್ಕೆ,” ಎಂದು ಸೂರ್ಯನಾರಾಯಣ ಗೋಡೆಯ ಮೇಲೆ ಬಿದ್ದ ಚಿತ್ರದ ಮುಂದೆ ನಿಂತು ಕೈ ಬೀಸಿದಾಗ ಆ ಬೀದಿಯ ಅರ್ಧ ಅವನ ಬೆನ್ನ ಮೇಲೆ ಬಿತ್ತು.

ಹಿಂದಿನ ಸೋಫಾದಲ್ಲಿ ಕೂತಿದ್ದ ಅವನ ಹೆಂಡತಿ ಪ್ರಭಾ ಮನಸ್ಸಿನಲ್ಲೇ ನಕ್ಕಳು. ಬೆಳಿಗ್ಗೆ ಮನೆಯಲ್ಲಿ ಕನ್ನಡಿಯ ಮುಂದೆ ಮಾತು ಅಭ್ಯಾಸ ಮಾಡುವಾಗ ಆ ಬೀದಿಗೆ ಇನ್ನೂರು ವರ್ಷವಾಗಿತ್ತು. ಅವರ ಮನೆಯಿದ್ದ ಕ್ರ್ಯಾನ್‌ಬರಿಯಿಂದ ಈ ರಾಬಿನ್ಸ್‌ವಿಲ್‌ಗೆ ಇಪ್ಪತ್ತು ನಿಮಿಷದ ದಾರಿ. ಅಷ್ಟರಲ್ಲಿ ಮುನ್ನೂರು ವರ್ಷ ಕೂಡಿಕೊಂಡಿತ್ತು. ಊಟದ ಹೊತ್ತಿಗೆ ಅಲ್ಲಿ ಯಾವನಾದರೂ ರಾಜನ ಪಟ್ಟಾಭಿಷೇಕವೂ ಆಗಿಬಿಟ್ಟೀತು.

ರಮಾನಾಥನ ಮನೆಯ ಬೇಸ್‌ಮೆಂಟು ಅದು. ನವೆಂಬರಿನ ಭಾನುವಾರ ಮಧ್ಯಾಹ್ನ. ಚಿತ್ರ ಚೆನ್ನಾಗಿ ಕಾಣಲೆಂದು ಬ್ಲೈಂಡ್ಸ್ ಇಳಿಸಿದ್ದರು. ರಮಾನಾಥ ಕುಂದಾಪುರದ ಕಡೆಯವನು, ಎರಡು ಮೋಟೆಲುಗಳ ಒಡೆಯ. ಪ್ರೊಜೆಕ್ಟರ್ ಅವನದು, ಜಾಗ ಅವನದು, ಮೇಲೆ ಅಡಿಗೆಮನೆಯಲ್ಲಿ ಆರುತ್ತಿದ್ದ ನೀರುದೋಸೆ ಅವನ ಹೆಂಡತಿ ಸ್ವರ್ಣಲತಾಳದು. ಅವನು ಒಂದು ಸಲ ‘ಹ್ಞೂಂ’ ಅಂದರೆ ಕನ್ನಡದವರ ನಾಲ್ಕು ಮನೆಗಳು ಹಿಂದೆ ಬರುತ್ತವೆ ಎಂಬುದು ಸೂರ್ಯನಾರಾಯಣನ ಲೆಕ್ಕಾಚಾರ.

ಇಪ್ಪತ್ತೊಂದು ವರ್ಷ ದುಡಿಸಿಕೊಂಡ ಕಂಪನಿ ಈ ಜನವರಿಯಲ್ಲಿ ಬಣ್ಣಗಳ ಲ್ಯಾಬನ್ನೇ ಮುಚ್ಚಿ, ಸೂರ್ಯನಾರಾಯಣನ ಕೈಗೆ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಕಳಿಸಿತ್ತು. ಈ ರಿಸೆಷನ್ ವರ್ಷದಲ್ಲಿ ಅಂಥ ಪೆಟ್ಟಿಗೆ ಹಿಡಿದು ಮನೆಗೆ ಬಂದವರು ಬೀದಿಗೊಬ್ಬರಿದ್ದರು. ಕೆಲವರು ಬಾಯಿ ಮುಚ್ಚಿಕೊಂಡು ವೇರ್‌ಹೌಸ್ ಸೇರಿದರು. ಸೂರ್ಯನಾರಾಯಣ ಮಾತ್ರ ‘ಕನ್ಸಲ್ಟಿಂಗ್’ ಎಂದು ಕಾರ್ಡ್ ಅಚ್ಚು ಹಾಕಿಸಿದ. ಯಾರೂ ಏನೂ ಕೇಳಲು ಬರಲಿಲ್ಲ. ಕೊನೆಗೆ ಹೊಳೆದದ್ದು ಈ ಟೂರು: ಬರುವ ಏಪ್ರಿಲ್‌ನಲ್ಲಿ ಎಂಟು ಜೋಡಿಗಳನ್ನು ಫ್ರಾನ್ಸಿನ ಲಿಯೋನ್ ನಗರಕ್ಕೆ ಕರೆದುಕೊಂಡು ಹೋಗುವುದು, ತಾನು ಓದುವಾಗ ವಾಸವಿದ್ದ ಕ್ರ್ವಾ ರೂಸ್ ಎಂಬ ನೇಕಾರರ ಗುಡ್ಡವನ್ನು ತೋರಿಸುವುದು. ಅದಕ್ಕೆಂದೇ ಸೆಪ್ಟೆಂಬರಿನಲ್ಲಿ ಗಂಡಹೆಂಡತಿ ಹೋಗಿ ಬಂದಿದ್ದರು.

“ಇಲ್ಲಿ ನೋಡಿ, ಕಟ್ಟಡದ ಹೊಟ್ಟೆಯೊಳಗೇ ದಾರಿ. ಈ ಬೀದಿಯಲ್ಲಿ ಹೊಕ್ಕರೆ ಕೆಳಗಿನ ಬೀದಿಯಲ್ಲಿ ಹೊರಗೆ. ರೇಷ್ಮೆಗೆ ಮಳೆ ತಾಗಬಾರದು ಅಂತ. ವಾಟ್ ಎ ಸಿವಿಲೈಜೇಷನ್!”

ಸಿವಿಲೈಜೇಷನ್! ಇಪ್ಪತ್ತೆರಡು ವರ್ಷದ ಹಿಂದೆ ಇದೇ ದಾರಿಯಲ್ಲಿ ಇವನು ಮೂಗಿಗೆ ಕರ್ಚೀಫು ಒತ್ತಿಕೊಂಡು ಓಡುತ್ತಿದ್ದ. ಉಚ್ಚೆಯ ವಾಸನೆ, ಬೇಯಿಸಿದ ಕೋಸಿನ ವಾಸನೆ, ಮೆಟ್ಟಿಲ ಮೂಲೆಯಲ್ಲಿ ಕುಡಿದು ಬಿದ್ದವರು. “ದರಿದ್ರ ಜಾಗ, ಯಾರಿಗೂ ಅಡ್ರೆಸ್ ಕೊಡಬೇಡ,” ಅಂದಿದ್ದ. ಈಗ ಅದೇ ಗೋಡೆಗೆ ಬೆಲ್ಲದ ಬಣ್ಣ ಬಳಿದಿದ್ದಾರೆ. ಮಗ್ಗಗಳಿದ್ದ ಕೋಣೆಗಳಲ್ಲಿ ಬೊಟ್ಟಿನಷ್ಟು ಕಾಫಿಯನ್ನು ಆಟಿಕೆಯಂಥ ಲೋಟದಲ್ಲಿ ಕೊಡುತ್ತಾರೆ. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡವರು ಸಾಲಾಗಿ ಬಂದು ತಲೆಯೆತ್ತಿ “ಆಹಾ” ಅನ್ನುತ್ತಾರೆ. ಅವರ ನಡುವೆ ನಿಂತು ಎಲ್ಲರಿಗಿಂತ ದೊಡ್ಡದಾಗಿ “ಆಹಾ” ಅಂದವನು ತನ್ನ ಗಂಡ. ದನದ ಜಾತ್ರೆಯಲ್ಲಿ ಹಲ್ಲುದುರಿದ ಎತ್ತಿನ ಕೊಂಬಿಗೆ ಬಣ್ಣ ಬಳಿದು ನಿಲ್ಲಿಸುವ ದಲ್ಲಾಳಿಗಳನ್ನು ಪ್ರಭಾ ಕಂಡಿದ್ದಳು; ಅವರಿಗಾದರೂ ಎತ್ತಿನ ವಯಸ್ಸು ಗೊತ್ತಿರುತ್ತಿತ್ತು.

ಪ್ರಭಾ ಕೊಳ್ಳೇಗಾಲದ ನೇಕಾರರ ಮನೆಯವಳು. ಅಪ್ಪ ಗುಣಿಮಗ್ಗದಲ್ಲಿ ರೇಷ್ಮೆಸೀರೆ ನೇಯುತ್ತಿದ್ದ. ಒಂದು ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ ಅದರ ಕೊನೆಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸನ್ನು ಎದುರಿಗೆ ಹಿಡಿದು, ಹಳೆಯ ಒಂದೊಂದು ಎಳೆಗೆ ಹೊಸ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಸಾವಿರಾರು ಎಳೆ, ಒಂದು ತಪ್ಪಿದರೆ ಸೀರೆಯುದ್ದಕ್ಕೂ ಗೀರು. ಹೆಂಗಸರ ಕೆಲಸ ಅದು, ಪ್ರಭಾಗೆ ಎಂಟನೇ ವಯಸ್ಸಿಗೆ ಬಂದಿತ್ತು. ಸೂರ್ಯನಾರಾಯಣನದೂ ಅದೇ ಜಾತಿ. ಆದರೆ ಅವನ ತಂದೆ ಮೈಸೂರಿನಲ್ಲಿ ಮೇಷ್ಟರಾಗಿ ಮಗ್ಗದ ಸದ್ದನ್ನು ಮರೆತಿದ್ದರು. ಮಗ ಸದ್ದಷ್ಟೇ ಅಲ್ಲ, ಹೆಸರನ್ನೂ ಮರೆತಿದ್ದ. ಹೆಂಡತಿ ಎಲ್ಲಿಯವಳು ಎಂದರೆ “ಸಿಲ್ಕ್ ಬಿಸಿನೆಸ್ ಫ್ಯಾಮಿಲಿ” ಅನ್ನುತ್ತಿದ್ದ.

ಲಿಯೋನ್‌ನಲ್ಲಿ ಇವನ ಸ್ಟೈಪೆಂಡು ತಿಂಗಳ ಮೂರನೇ ವಾರ ಕಾಣುತ್ತಿರಲಿಲ್ಲ. ಅವರಿದ್ದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಬೆರ್ತ್ ಎಂಬ ಮುದುಕಿಯ ಮಗ್ಗವಿತ್ತು, ಚಾವಣಿಯ ತೊಲೆ ಮುಟ್ಟುವಷ್ಟು ಎತ್ತರ. ಒಂದು ದಿನ ತೆರೆದ ಬಾಗಿಲಲ್ಲಿ ಪ್ರಭಾ ಇಣುಕಿದಾಗ ಮುದುಕಿ ಕೆಚ್ಚುತ್ತಿದ್ದಳು. ಇಬ್ಬರಿಗೂ ಭಾಷೆ ಬೇಕಾಗಲಿಲ್ಲ. ಪ್ರಭಾ ಒಲೆಯಿಂದ ಚಿಟಿಕೆ ಬೂದಿ ತೆಗೆದುಕೊಂಡು ಪಕ್ಕದಲ್ಲಿ ಕೂತಳು. ಮುದುಕಿ ಬೂದಿ ನೋಡಿ ನಕ್ಕಳು. ಮುಂದಿನ ವಾರ ಇಬ್ಬರ ನಡುವೆ ಬೂದಿಯ ಬಟ್ಟಲಿತ್ತು. ಎರಡು ವರ್ಷ ಪ್ರಭಾ ಅಲ್ಲಿ ಕೂಲಿ ಮಾಡಿದಳು. ಆ ಕೂಲಿಯಲ್ಲಿ ಅಕ್ಕಿ ಬಂತು, ಇವನಿಗೆ ಕೋಟು ಬಂತು. ಇವನು ಲ್ಯಾಬಿನ ಗೆಳೆಯರಿಗೆ “ಹಾಬಿ” ಎಂದು ಹೇಳಿಕೊಂಡ.

ಸೆಪ್ಟೆಂಬರಿನಲ್ಲಿ ಹೋದಾಗ ಬೆರ್ತ್ ಇರಲಿಲ್ಲ. ಮಗಳು ಕೊಲೆತ್ ಇದ್ದಳು, ಅವಳಿಗೇ ಅರವತ್ತಾಗಿತ್ತು. ಬಾಗಿಲು ತೆರೆದವಳು ಸೂರ್ಯನಾರಾಯಣನನ್ನು ಟೂರಿಸ್ಟ್ ಎಂದುಕೊಂಡು ಟಿಕೆಟ್ಟಿನ ಕಡೆ ಕೈ ತೋರಿಸಿದಳು. ಅವನ ಹಿಂದೆ ಪ್ರಭಾಳನ್ನು ನೋಡಿ, ಅಮ್ಮನ ಪಕ್ಕ ಕೂರುತ್ತಿದ್ದವಳೆಂದು ಗುರುತು ಹಿಡಿದಳು. ಆಮೇಲೆ ಅವಳ ಎರಡೂ ಕೈ ಎಳೆದು ಕಿಟಕಿಯ ಬೆಳಕಿಗೆ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದಳು. ಗಡಗಡ ಮಾತಾಡಿದಳು. ಇಬ್ಬರು ಹುಡುಗಿಯರು ಕಲಿಯಲು ಬಂದಿದ್ದಾರೆ, ತನ್ನ ಬೆರಳ ಗಂಟುಗಳು ಊದಿವೆ, ಜನವರಿಯಲ್ಲಿ ಪ್ರಭಾ ಬಂದು ಮೂರು ತಿಂಗಳು ಕಲಿಸಿಕೊಡಲಿ, ಮೇಲಿನ ಅಟ್ಟದ ಕೋಣೆ ಅವಳಿಗೇ. ನವೆಂಬರ್ ಕೊನೆಯೊಳಗೆ ಯಾರೂ ಸಿಗದಿದ್ದರೆ ಮಗ್ಗ ಬಿಚ್ಚಿ ಮ್ಯೂಸಿಯಂಗೆ ಕೊಟ್ಟುಬಿಡುತ್ತಾಳೆ.

ಸೂರ್ಯನಾರಾಯಣ ಎಲ್ಲ ಕೇಳಿಸಿಕೊಂಡು ಕೊಲೆತ್‌ಗೆ, ನನ್ನ ಹೆಂಡತಿಗೆ ಕೀಲುನೋವು, ಆಗುವುದಿಲ್ಲ ಎಂದ. ಪ್ರಭಾ ಕಡೆ ತಿರುಗಿ ಕನ್ನಡದಲ್ಲಿ, “ನೀನು ಸ್ವಲ್ಪವೂ ಬದಲಾಗಿಲ್ಲವಂತೆ,” ಎಂದ.

ಮುದುಕಿಯ ಪಕ್ಕದಲ್ಲಿ ಎರಡು ವರ್ಷ ಕೂತವಳಿಗೆ ಬೆರಳು, ನೋವು, ಜನವರಿ ಎಂಬ ಮಾತು ಗೊತ್ತಾಗುವುದಿಲ್ಲ ಎಂದುಕೊಂಡಿದ್ದ ಮಹಾನುಭಾವ. ಮಗ್ಗದ ಬಳಿ ಕಲಿತದ್ದೂ ಒಂದು ಭಾಷೆಯೇ ಎಂದು ಅವನಿಗೆ ಹೊಳೆದಿರಲಿಲ್ಲ. ಆದರೆ ಅವಳೂ ಸುಮ್ಮನಿದ್ದಳು. ವಿಮಾನದಲ್ಲಿ ಸುಮ್ಮನಿದ್ದಳು, ಅಕ್ಟೋಬರ್ ಪೂರ್ತಿ ಸುಮ್ಮನಿದ್ದಳು. ಅವನ ಮೇಲಿನ ತಾತ್ಸಾರಕ್ಕಿಂತ ತನ್ನ ಬಾಯಿಯ ಮೇಲಿನ ತಾತ್ಸಾರ ಈಗೀಗ ಹೆಚ್ಚಾಗಿತ್ತು. ನವೆಂಬರ್ ಮುಗಿಯಲು ಎಂಟು ದಿನ ಉಳಿದಿತ್ತು.

ಗೋಡೆಯ ಮೇಲೆ ಮುಂದಿನ ಚಿತ್ರ ಬಿತ್ತು. ಕಿಟಕಿ, ಬೆಳಕು, ಕೊಲೆತ್‌ಳ ಬಿಳಿ ತಲೆ, ಅವಳ ಅಂಗೈಯಲ್ಲಿ ಪ್ರಭಾಳ ಕೈ.

“ಇದು ಯಾರು ಮಾರಾಯ್ರೆ, ಪ್ರಭಕ್ಕನ ಕೈ ಹಿಡ್ಕೊಂಡದ್ದು?” ರಮಾನಾಥ ಕೇಳಿದ.

ಸೂರ್ಯನಾರಾಯಣ ಈ ಚಿತ್ರವನ್ನು ತೆಗೆದುಹಾಕಲು ಮರೆತಿದ್ದ. “ಅದಾ? ಅದೊಂದು ತಮಾಷೆ. ಈ ಫ್ರೆಂಚರಿಗೆ ಇಂಡಿಯನ್ಸ್ ಅಂದ್ರೆ ಸಾಕು, ಪಾಮಿಸ್ಟ್ರಿ! ಕೈ ನೋಡಿ ಭವಿಷ್ಯ ಹೇಳು ಅಂತ ಪ್ರಭಾ ಹಿಂದೆ ಬಿದ್ದುಬಿಟ್ಲು.”

ಎಲ್ಲರೂ ನಕ್ಕರು. ಧಾರವಾಡದ ಮಕ್ಕಳ ಡಾಕ್ಟರು ಪಂಚಾಕ್ಷರಿ ಕನ್ನಡಕ ಮೇಲೇರಿಸಿ ಗೋಡೆಯನ್ನೇ ದಿಟ್ಟಿಸಿದರು. “ಅಲ್ರೀ ಸೂರ್ಯನಾರಾಯಣ, ಭವಿಷ್ಯ ಕೇಳಾಕಿ ತನ್ನ ಕೈ ಚಾಚಬೇಕಲ್ರೀ? ಇಲ್ಲಿ ಆಕೀನ ಇವ್ರ ಕೈ ನೋಡಾಕತ್ತಾಳಲ್ಲ?”

“ಅದೇ ಹೇಳಿದ್ನಲ್ಲ ಡಾಕ್ಟ್ರೇ, ಅವರಿಗೆ ಏನೂ ಗೊತ್ತಾಗಲ್ಲ, ಉಲ್ಟಾ ಹಿಡ್ಕೋತಾರೆ.”

ಮತ್ತೆ ನಗು. ರಮಾನಾಥ ಸೋಫಾದ ಬೆನ್ನ ಮೇಲಿಂದ ಹಿಂದಕ್ಕೆ ಅಂಗೈ ಚಾಚಿದ. “ಹಾಗಾದ್ರೆ ನನ್ನದೂ ಒಮ್ಮೆ ನೋಡಿ ಪ್ರಭಕ್ಕ. ಈ ರಿಸೆಷನ್ ಯಾವಾಗ ಮುಗೀತದೆ ಹೇಳಿ. ಮೋಟೆಲ್ ಅರ್ಧ ಖಾಲಿ ಉಂಟು.”

ಪ್ರಭಾ ಆ ಕೈ ಹಿಡಿದುಕೊಂಡಳು. ಅಂಗೈ ನೋಡಲಿಲ್ಲ. ಹೆಬ್ಬೆರಳು ತೋರುಬೆರಳಿನ ತುದಿ ಒತ್ತಿ, ಮಡಿಸಿ, ಬಿಡಿಸಿದಳು.

“ಇದರಲ್ಲಿ ಕೆಚ್ಚೋಕಾಗಲ್ಲ ಅಣ್ಣ. ತುಂಬಾ ದಪ್ಪ. ಬಾಳೆಹಣ್ಣು ಸುಲಿಯೋಕೆ ಸರಿ.”

“ಎಂಥ ಕೆಚ್ಚೋದು?”

“ಹಾಸಿನ ಎಳೆ. ಕೊಲೆತ್ ನನ್ನ ಕೈಯಲ್ಲಿ ಅದನ್ನೇ ನೋಡ್ತಿದ್ದದ್ದು. ಬೆರಳು ಇನ್ನೂ ಆಡುತ್ತಾ ಅಂತ.”

“ಪ್ರಭಾ, ಊಟದ ಹೊತ್ತಾಯ್ತು,” ಎಂದ ಸೂರ್ಯನಾರಾಯಣ, ಗೋಡೆಯ ಕಡೆಯಿಂದ ತಿರುಗದೆ.

“ಆಯ್ತು ರೀ, ಎರಡು ಮಾತು. ನಾನು ಅಲ್ಲಿ ಎರಡು ವರ್ಷ ಕೂಲಿ ಮಾಡಿದೀನಿ ಅಣ್ಣ, ಅದೇ ಮಗ್ಗದಲ್ಲಿ. ನಮ್ಮಪ್ಪನೂ ಮಗ್ಗದವನೇ, ಬಿಸಿನೆಸ್ ಗಿಸಿನೆಸ್ ಏನಿಲ್ಲ. ಜನವರಿಯಲ್ಲಿ ಬಂದು ಕಲಿಸಿಕೊಡು ಅಂತ ಕೇಳಿದ್ಲು. ಇವರು ಅವಳಿಗೆ ನನ್ನ ಕೈಗೆ ಕೀಲುನೋವು ಅಂದ್ರು.” ಅವಳ ದನಿ ಏರಲಿಲ್ಲ. ಸೊಪ್ಪಿನ ಬೆಲೆ ಹೇಳಿದಂತೆ ಹೇಳಿದಳು. “ನೋವು ಇಲ್ಲ. ಹೋಗ್ತಿದೀನಿ.”

ಸೂರ್ಯನಾರಾಯಣ ತಿರುಗಿದ, ಬಿಳಿ ತಲೆಯ ಕೊಲೆತ್ ಅವನ ಅಂಗಿಯ ಮೇಲೆ ಬಿದ್ದಿದ್ದಳು. “ನಿನಗೆ... ಫ್ರೆಂಚ್...” ಎಂದ.

“ಬೈಗುಳ ಮೊದಲು ಕಲಿತದ್ದು. ಹೇಳ್ಲಾ?”

ಪಂಚಾಕ್ಷರಿ ಗಹಗಹಿಸಿ ನಕ್ಕು ಥಟ್ಟನೆ ನಿಲ್ಲಿಸಿದರು. ರಮಾನಾಥ ತನ್ನ ದಪ್ಪ ಬೆರಳುಗಳನ್ನು ನೋಡಿಕೊಂಡು, “ಅಲ್ಲ, ಹಾಗಾದ್ರೆ ನಮ್ಮ ಟೂರು...” ಎಂದು ಶುರುಮಾಡಿದ. ಮೆಟ್ಟಿಲ ತುದಿಯಲ್ಲಿ ಯಾವಾಗಲೋ ಬಂದು ನಿಂತಿದ್ದ ಸ್ವರ್ಣಲತಾ ಅವನ ಮಾತು ಕತ್ತರಿಸಿದಳು. “ಟೂರು ಎಲ್ಲಿಗೂ ಓಡಿ ಹೋಗುದಿಲ್ಲ. ದೋಸೆ ತಣ್ಣಗಾಗ್ತದೆ. ಎಲ್ಲ ಮೇಲೆ ಬನ್ನಿ.”

ಎಲ್ಲರೂ ಎದ್ದರು. ತಪ್ಪಿಸಿಕೊಳ್ಳಲು ದಾರಿ ಸಿಕ್ಕವರಂತೆ ಬೇಗಬೇಗ ಮೆಟ್ಟಿಲು ಹತ್ತಿದರು. ಸೂರ್ಯನಾರಾಯಣ ಕೊನೆಯಲ್ಲಿ ಹೋದ.

ಉಳಿದವಳು ರಮಾನಾಥನ ಮಗಳು ಶ್ರದ್ಧಾ. ಕಾಲೇಜಿನಲ್ಲಿ ಮೂರು ವರ್ಷದಿಂದ ಫ್ರೆಂಚ್ ಓದುತ್ತಿದ್ದ ಹುಡುಗಿ, ಇಷ್ಟು ಹೊತ್ತೂ ಲ್ಯಾಪ್‌ಟಾಪಿನಲ್ಲಿ ಚಿತ್ರ ಬದಲಾಯಿಸುತ್ತಿದ್ದಳು.

“ದಟ್ ವಾಸ್ ಇನ್ಸೇನ್, ಆಂಟಿ,” ಅಂದಳು ಮೆಲ್ಲಗೆ. “ಅವರ ಈಮೇಲ್ ಇದ್ಯಾ?”

ಪ್ರಭಾ ಪರ್ಸಿನಿಂದ ಕೊಲೆತ್ ಕೊಟ್ಟಿದ್ದ ಚೀಟಿ ತೆಗೆದಳು. ಶ್ರದ್ಧಾ ಎದ್ದು ಬ್ಲೈಂಡ್ಸ್ ಎತ್ತಿದಳು. ಹೊರಗಿನ ಬಿಸಿಲು ನುಗ್ಗಿ ಗೋಡೆಯ ಮೇಲಿನ ಚಿತ್ರವನ್ನು ತೊಳೆದು ಹಾಕಿತು.

ಪ್ರಭಾ ತನ್ನ ಫ್ರೆಂಚಿನಲ್ಲಿ ಹೇಳಿದಳು, ಒಂದೊಂದೇ ಮಾತು, ನಡುನಡುವೆ ನಿಂತು: ಕೊಲೆತ್, ನಾನು ಪ್ರಭಾ. ಕೈ ನೋವು ಇಲ್ಲ. ಜನವರಿ ನಾನು ಬರುವುದು. ಮಗ್ಗ ಬಿಚ್ಚುವುದು ಬೇಡ.

ಬರೆಯುತ್ತಿದ್ದ ಹುಡುಗಿ ನಕ್ಕಳು. “ಗ್ರಾಮರ್ ಫುಲ್ ರಾಂಗ್, ಆಂಟಿ. ಫಿಕ್ಸ್ ಮಾಡ್ಲಾ?”

“ಬೇಡಮ್ಮ. ನೆಟ್ಟಗೆ ಬರೆದ್ರೆ ಅಂಕಲ್ ಬರೆದಿದಾರೆ ಅಂದ್ಕೋತಾಳೆ.”

ಶ್ರದ್ಧಾ ಇನ್ನೊಮ್ಮೆ ಓದಿ, ಪ್ರಭಾ ತಲೆಯಾಡಿಸಿದ ಮೇಲೆ ಗುಂಡಿ ಒತ್ತಿದಳು. ಮೇಲಿನಿಂದ ತಟ್ಟೆಗಳ ಸದ್ದು, ಪಂಚಾಕ್ಷರಿಯವರ ದೊಡ್ಡ ದನಿ ಕೇಳುತ್ತಿದ್ದವು. ಸೂರ್ಯನಾರಾಯಣನ ದನಿ ಅದರಲ್ಲಿ ಇರಲಿಲ್ಲ.

ಬೇಸ್‌ಮೆಂಟಿನ ಕಿಟಕಿ ಹೊರಗಿನ ನೆಲದ ಮಟ್ಟಕ್ಕಿತ್ತು. ಒಣಗಿದ ಮೇಪಲ್ ಎಲೆಗಳ ಮೇಲೆ ಒಂದು ಜೊತೆ ಕಪ್ಪು ಶೂಗಳು ಬಂದವು. ಆಫೀಸಿಲ್ಲದಿದ್ದರೂ ಬೆಳಿಗ್ಗೆ ಏಳಕ್ಕೆ ಪಾಲಿಶ್ ಆಗುವ ಶೂಗಳು. ಕಾರಿನ ಕಡೆಗೆ ನಾಲ್ಕು ಹೆಜ್ಜೆ ಹೋಗಿ ನಿಂತವು. ಬಾಗಿಲ ಕಡೆಗೆ ತಿರುಗಿದವು. ಮತ್ತೆ ಕಾರಿನ ಕಡೆಗೆ. ಎಡಗಾಲಿನ ಲೇಸು ಬಿಚ್ಚಿಕೊಂಡು ಎಲೆಗಳ ನಡುವೆ ಹರಿದಾಡುತ್ತಿತ್ತು. ಅದನ್ನು ಕಟ್ಟಲು ಯಾರೂ ಬಗ್ಗಲಿಲ್ಲ. ಪ್ರಭಾ ಚೀಟಿಯನ್ನು ಪರ್ಸಿಗೆ ಹಾಕಿಕೊಂಡು ಆ ಲೇಸನ್ನು ನೋಡುತ್ತ ಕೂತಳು.