ಮಡಿಕೆ ಬಿಚ್ಚದ ಹಸಿರು ಬಟ್ಟೆ

ಬಾಗಿಲಲ್ಲಿ ಆಗಲೇ ಆಪರೇಷನ್ನಿನ ಟ್ರಾಲಿ, ಅದರ ಮೇಲೆ ಮಡಿಕೆ ಬಿಚ್ಚದ ಹಸಿರು ಬಟ್ಟೆ — ಯಾರೂ ತಾ ಎಂದಿಲ್ಲ, ಮಧ್ಯಾಹ್ನ ಕಳೆದರೂ ಹೆರಿಗೆಯಾಗದಿದ್ದರೆ ಆಯಾ ತಾನಾಗಿಯೇ ತಂದು ನಿಲ್ಲಿಸುತ್ತಾಳೆ, ಆ ಅಭ್ಯಾಸ ಹಚ್ಚಿದವಳು ಡಾಕ್ಟರಮ್ಮನೇ, ಈಗ ಆಯಾಳನ್ನು ಬೈದು ಏನು ಬಂತು. ಮಂಚದ ಮೇಲೆ ಟೈಲರ್ ಹುಡುಗಿ ಹಲ್ಲು ಕಚ್ಚಿ ಮಲಗಿದ್ದಾಳೆ, ಹೋದ ಸಲ ಇದೇ ಕೈ ಅವಳ ಹೊಟ್ಟೆ ಕೊಯ್ದಿತ್ತು, ಮಗು ಅಡ್ಡ ಮಲಗಿತ್ತು, ಕೊಯ್ಯದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ, ಆ ಬಗ್ಗೆ ತಕರಾರಿಲ್ಲ, ಈ ಸಲ ಮಗು ನೆಟ್ಟಗಿದೆ, ಹಳೆಯ ಹೊಲಿಗೆ ಒಳಗೆ ಬಿಟ್ಟುಕೊಂಡೀತೆಂಬ ಭಯವೊಂದಿದೆ, ಅದಕ್ಕೇ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತದ್ದು. ನಿಮ್ಮ ಹೊಲಿಗೆ ಸ್ವಲ್ಪ ಸೊಟ್ಟ ಡಾಕ್ಟ್ರೇ, ನಾನು ಹೀಗೆ ಹೊಲಿದಿದ್ರೆ ಗಿರಾಕಿಗಳು ಮುಖದ ಮೇಲೆ ಎಸೀತಿದ್ರು, ಎಂದಿದ್ದಳು ಕಳ್ಳಿ, ಈ ಸಲ ಆದಷ್ಟು ಕಾದು ನೋಡೋಣ.

ಕಾಯುವುದು, ಎಲ್ಲರೂ ಮರೆತ ಕೆಲಸ. ಹೊರಗೆ ಅವಳ ಗಂಡ, ನಾಳೆಯಿಂದ ರಜೆ ಇಲ್ಲ ಮೇಡಂ, ಇವತ್ತೇ ಮುಗಿಸ್ಬಿಡಿ, ಅತ್ತೆ, ಅವಳು ನರಳೋದು ಕೇಳಕ್ಕಾಗ್ತಿಲ್ಲ ತಾಯಿ, ಒಳಗೆ ವಾರ್ಡಿಗೆಲ್ಲ ಇಬ್ಬರೇ ನರ್ಸು, ಹೆಚ್ಚುಕಮ್ಮಿಯಾದರೆ ಯಾಕೆ ಕೊಯ್ದಿರಿ ಎಂದು ಯಾರೂ ಕೇಳುವುದಿಲ್ಲ, ಯಾಕೆ ಕೊಯ್ಯಲಿಲ್ಲ ಎಂದೇ ಕೇಳುತ್ತಾರೆ, ಕೊಯ್ದರೆ ತಾನೂ ಹೊತ್ತಿಗೆ ಸರಿಯಾಗಿ ಮನೆ ಸೇರಬಹುದು, ಅದೂ ಇದೆ — ಒಬ್ಬೊಬ್ಬರದು ಒಂದೊಂದು ಸಣ್ಣ ಕಾರಣ, ಟ್ರಾಲಿಗೆ ಮಾತ್ರ ಬಿಡುವಿಲ್ಲ. ಬೆನ್ನು ಹಿಡಿದುಕೊಂಡಿದೆ, ಆದರೂ ಎಂಥದೋ ನೆಮ್ಮದಿ, ಹೀಗೆ ಸುಮ್ಮನೆ ಒಬ್ಬಳ ಕೈ ಹಿಡಿದು ಕೂತು ಎಷ್ಟು ಕಾಲವಾಯಿತು, ಬೆವರಿದ ಬೆಚ್ಚನೆಯ ಕೈ, ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಬೆರಳು, ಯಂತ್ರದಲ್ಲಿ ಮಗುವಿನ ಎದೆಬಡಿತ ಟಕಟಕ ಟಕಟಕ — ಟಕ — ನಿಧಾನವಾಯಿತು, ಟ್ರಾಲಿ ಒಳಗೆ ತರ್ಲಾ ಅಮ್ಮಾ, ಆಯಾ, ಹಸಿರು ಬಟ್ಟೆ, ಅದರ ಮಡಿಕೆ, ಮೊದಲು ಪಕ್ಕಕ್ಕೆ ಹೊರಳಿಸಿ ಇವಳನ್ನ, ಉಸಿರು ಎಳ್ಕೋ ಮಗಳೇ, ಇನ್ನೂ, ಟಕ, ಟಕ, ಟಕಟಕ, ಏರಿತು, ಸದ್ಯ, ಟ್ರಾಲಿ ಅಲ್ಲೇ ಇರ್ಲಿ ಬಿಡಮ್ಮ. ಇನ್ನು ನನ್ನ ಕೈಲಾಗಲ್ಲ ಡಾಕ್ಟ್ರೇ. ಆಗ್ತಾ ಇದೆಯಲ್ಲೇ, ತಲೆ ಕಾಣ್ತಿದೆ, ಎಷ್ಟು ಕೂದಲು ನೋಡು, ತಿಣುಕು, ಇನ್ನೊಂದು ಸಲ — ಜಾರಿ ಬಂತು, ಬಿಸಿಬಿಸಿ, ಎರಡೂ ಅಂಗೈ ತುಂಬ, ಅಳುತ್ತಿದೆ, ಟೈಲರ್ ಹುಡುಗಿಯೂ ಅಳುತ್ತಾ ನಗುತ್ತಿದ್ದಾಳೆ, ತನ್ನ ಕಣ್ಣೂ ಮಂಜಾಗಿದೆ, ಸುತ್ತೋಕೆ ಏನಾದ್ರೂ ಕೊಡಮ್ಮ ಬೇಗ, ಆಯಾ ಗಕ್ಕನೆ ತಿರುಗಿ ಟ್ರಾಲಿಯ ಮೇಲಿನದನ್ನೇ ಎಳೆದು ಕೊಡವಿದಳು, ಮಡಿಕೆ ಬಿಚ್ಚಿತು, ಹಸಿರು ಬಟ್ಟೆ, ಅದರೊಳಗಿಂದ ಹೊರಗೆ ಚಾಚಿದ ಒಂದು ಪುಟ್ಟ ಮುಷ್ಟಿ, ಹಸಿರು ಬಟ್ಟೆ, ಮುಷ್ಟಿ