ಬೆಡ್‌ಶೀಟ್ ಮಡಚುವವರ ಮಾತು

ರೋಲರಕ್ಕನಿಗೆ ಎರಡನೆಯ ಭಾಷೆ ಇರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದೇ ಭಾಷೆಯವಳು ಅವಳೊಬ್ಬಳೇ. ಒಗೆಯುವ ಡ್ರಮ್ಮಿನ ಮುದುಕ ಮೂರು ಭಾಷೆಯಲ್ಲಿ ಬೈದು ನಾಲ್ಕನೆಯದರಲ್ಲಿ ಸಮಾಧಾನ ಮಾಡುತ್ತಿದ್ದ. ಕಸ ಗುಡಿಸುವವಳು ಕೂಡ ಎರಡು ಭಾಷೆಯಲ್ಲಿ ಸಾಲ ಕೇಳಬಲ್ಲವಳಾಗಿದ್ದಳು. ಇವಳು ಮಾತ್ರ ಹುಟ್ಟಿದ ಭಾಷೆಯಲ್ಲೇ ಅತ್ತು, ಅದರಲ್ಲೇ ಮದುವೆಯಾಗಿ, ಅದರಲ್ಲೇ ಕನವರಿಸುತ್ತ ನಲವತ್ತರ ಹತ್ತಿರ ಬಂದಿದ್ದಳು.

ರೋಲರ್ ಎಂದರೆ ಅರೆ ಒಣಗಿದ ಬೆಡ್‌ಶೀಟನ್ನು ಒಂದು ಬದಿಯಿಂದ ನುಂಗಿ ಇನ್ನೊಂದು ಬದಿಯಿಂದ ಬಿಸಿಬಿಸಿಯಾಗಿ ಉಗುಳುವ ಇಸ್ತ್ರಿ ಯಂತ್ರ. ನುಂಗಿಸುವುದು ಇವಳ ಕೆಲಸ. ಉಗುಳಿದ್ದನ್ನು ಮಡಚುವುದು ಆಚೆ ಬದಿಯ ಮೂವರು ಹೆಂಗಸರದು. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಎತ್ತರವಾಗಿದ್ದವಳು ಉದ್ದಿ. ಮೂರನೆಯವಳು ಸಣ್ಣಿ, ಮೈಲಿಗೆ ಬಟ್ಟೆ ತರುವ ವ್ಯಾನಿನ ಡ್ರೈವರನ ಹೆಂಡತಿ. ಮೂವರೂ ಒಂದೇ ಸೀಮೆಯವರು, ಒಂದೇ ಭಾಷೆಯವರು. ಮಿಕ್ಕವರ ಜೊತೆ ಟೀ ಕುಡಿಯುವಾಗ ಎಲ್ಲರಿಗೂ ಅರ್ಥವಾಗುವ ಮಾತನ್ನೇ ಆಡುತ್ತಿದ್ದರು. ಮಡಚುವ ಮೇಜಿನ ಹತ್ತಿರ ಹೋದರೆ ಮುಗಿಯಿತು, ತಮ್ಮದೇ ಶುರು.

ಆ ಭಾಷೆ ರೋಲರಕ್ಕನಿಗೆ ಹುಚ್ಚು ಹಿಡಿಸಿತ್ತು. ಇಬ್ಬರು ಬೆಡ್‌ಶೀಟಿನ ಎರಡು ತುದಿ ಹಿಡಿದು ಹಿಂದೆ ಸರಿಯುತ್ತಿದ್ದರು. ಒಮ್ಮೆ ಜಾಡಿಸಿ, ತುದಿಗೆ ತುದಿ ಕೂಡಿಸಲು ಹತ್ತಿರ ಬರುತ್ತಿದ್ದರು. ಮತ್ತೆ ದೂರ, ಮತ್ತೆ ಹತ್ತಿರ. ಮಾತು ಎತ್ತರದಲ್ಲಿ, ಎಳೆದು ಎಳೆದು, ಹಾಡಿನಂತೆ ಏಳುತ್ತಿತ್ತು. ಕೊನೆಗೆ ಬರುತ್ತ ಬರುತ್ತ ಇಳಿದು, ಚಿಕ್ಕದಾಗಿ, ಪಿಸುಮಾತಾಗಿ ಮುಗಿಯುತ್ತಿತ್ತು. ಪ್ರತಿ ಮಾತೂ ಹಾಗೇ. ಡ್ರೈಯರುಗಳ ಗದ್ದಲದ ನಡುವೆ ಈ ಏರಿಳಿತ ಕೇಳುತ್ತ ನಿಂತರೆ ಅವಳಿಗೆ ಕಾಲುನೋವು ಮರೆತುಹೋಗುತ್ತಿತ್ತು. ಅವರು ನಕ್ಕರೆ ಇವಳೂ ನಗುತ್ತಿದ್ದಳು. ಏನಕ್ಕೆ ಎಂದು ಗೊತ್ತಿರಲಿಲ್ಲ. ನಗುವಿಗೆ ಅರ್ಥ ಬೇಕಾಗಿರಲಿಲ್ಲ. ಪಾಪ, ಭೋಳೆ ಹೆಂಗಸು ಎಂದು ಅವರು ಅವಳನ್ನು ಅವಳ ಪಾಡಿಗೆ ಬಿಟ್ಟಿದ್ದರು.

ಮನೆಯಲ್ಲಿ ಅತ್ತೆ ಮಾತಾಡಿದರೆ ಕೊಂಕು, ಗಂಡ ಮಾತಾಡಿದರೆ ಇಂಜಿನ್ನು. ಅವನು ಆಸ್ಪತ್ರೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮಗ ಮಾತೇ ಆಡುತ್ತಿರಲಿಲ್ಲ. ಹಾಗಾಗಿ ದಿನದಲ್ಲಿ ಅವಳಿಗೆ ಬೇಕೆನಿಸುವ ಮಾತು ಇದ್ದದ್ದು ರೋಲರಿನ ಆಚೆ ಬದಿಯಲ್ಲಿ ಮಾತ್ರ. ಅಲ್ಲಿಗೆ ಹೋಗಿ, ಒಂದು ತುದಿ ಹಿಡಿದು, ಅವರ ಹಾಗೆಯೇ ಒಂದು ಮಾತನ್ನು ಎಳೆದು ಇಳಿಸಬೇಕು, ಅವರಲ್ಲೊಬ್ಬಳಾಗಬೇಕು ಎಂಬುದೊಂದೇ ಅವಳ ಆಸೆ. ಪೇಟೆಯ ಗ್ರಂಥಾಲಯದ ಮಹಡಿಯಲ್ಲಿ ಆ ಭಾಷೆಯ ಸಂಜೆ ತರಗತಿ ನಡೆಯುತ್ತದೆಂದು ತಿಳಿದಾಗ ಯಾರನ್ನೂ ಕೇಳದೆ ಸೇರಿಕೊಂಡಳು.

ಅತ್ತೆ ಸುಮ್ಮನಿರಲಿಲ್ಲ. “ಇರೋ ಭಾಷೇಲಿ ಬಾಯಿ ಮುಚ್ಚೋದು ಕಲಿತಿಲ್ಲ, ಇನ್ನೊಂದರಲ್ಲಿ ತೆಗೆಯೋಕೆ ಹೊರಟ್ಲು,” ಎಂದಳು.

ತರಗತಿಯ ಮೇಷ್ಟ್ರು ಆ ಭಾಷೆಯಲ್ಲೇ ಹುಟ್ಟಿದವರು, ಪೋಸ್ಟಾಫೀಸಿನಲ್ಲಿದ್ದು ನಿವೃತ್ತರಾದವರು. ಮೊದಲ ದಿನ, ಯಾಕೆ ಕಲಿಯಲು ಬಂದಿರಿ ಎಂದು ಒಬ್ಬೊಬ್ಬರನ್ನೂ ಕೇಳಿದರು. ನರ್ಸೊಬ್ಬಳಿಗೆ ಆ ಕಡೆಯ ಊರಿನಲ್ಲಿ ಕೆಲಸ ಸಿಕ್ಕಿತ್ತು. ದಪ್ಪ ಕನ್ನಡಕದ ಯಜಮಾನರೊಬ್ಬರಿಗೆ ಆ ಭಾಷೆಯ ಸೊಸೆ ಬಂದಿದ್ದಳು, ಫೋನಿನಲ್ಲಿ ತನ್ನ ತಾಯಿಗೆ ಏನು ಚಾಡಿ ಹೇಳುತ್ತಾಳೆಂದು ತಿಳಿಯಬೇಕಿತ್ತು. ರೋಲರಕ್ಕ ಎದ್ದು ನಿಂತು, ಕೇಳಲು ತುಂಬ ಚೆನ್ನಾಗಿದೆ ಅದಕ್ಕೇ, ಎಂದಳು.

ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ಮೇಷ್ಟ್ರೇ ನಕ್ಕರು. “ನಮ್ಮ ಭಾಷೇನಾ? ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿದೆ ಅಂತಾರಲ್ಲಮ್ಮ ಎಲ್ಲ. ನಂಗೂ ಹಾಗೇ ಅನ್ಸುತ್ತೆ.”

ಅಲ್ಲಿಂದ ಚರ್ಚೆ ಎದ್ದಿತು. ನರ್ಸು ತಾನು ಹಿಂದೆ ಕಲಿತ ಇನ್ನೊಂದು ಭಾಷೆಯನ್ನು ಹೊಗಳಿದಳು, ಅದರಲ್ಲಿ ಬೈಸಿಕೊಂಡರೂ ಮುದ್ದು ಮಾಡಿದಂತೆ ಇರುತ್ತದಂತೆ. ಈ ಭಾಷೆಯ ಅಕ್ಷರ ಮುರಿದ ಬಾಚಣಿಗೆಯ ಹಲ್ಲಿನಂತಿದೆ ಎಂದೂ ಸೇರಿಸಿದಳು. ಯಜಮಾನರು ಒಪ್ಪಲಿಲ್ಲ. ಅಕ್ಷರ ಪರವಾಗಿಲ್ಲ, ನೆಟ್ಟಗೆ ನಿಂತಿವೆ, ಸದ್ದು ಮಾತ್ರ ಕೇಡು, ಸೊಸೆ ಕೆಮ್ಮುತ್ತಿದ್ದಾಳೋ ಮಾತಾಡುತ್ತಿದ್ದಾಳೋ ಗೊತ್ತಾಗುವುದಿಲ್ಲ ಎಂದರು. ಒಬ್ಬರಿಗೆ ಚಂದ ಕಂಡದ್ದು ಇನ್ನೊಬ್ಬರಿಗೆ ಕಾಣಲಿಲ್ಲ. ರೋಲರಕ್ಕ ಮಾತ್ರ ತಾನು ತಪ್ಪು ತರಗತಿಗೆ ಬಂದೆನೋ ಎಂದು ಬಾಗಿಲ ಮೇಲಿನ ಬೋರ್ಡನ್ನು ತಿರುಗಿ ನೋಡಿದಳು.

ಅನುಮಾನ ದಿನದಿನಕ್ಕೂ ಹೆಚ್ಚಿತು. ಮೇಷ್ಟ್ರು ಓದುತ್ತಿದ್ದುದರಲ್ಲಿ ಏರೂ ಇರಲಿಲ್ಲ, ಇಳಿತವೂ ಇರಲಿಲ್ಲ. ಟಪಾಲಿಗೆ ಮೊಹರು ಕುಟ್ಟಿದಂತೆ ಒಂದೇ ಸಮ. ಆದರೆ ಪದಗಳು ಅವೇ. ಕಲಿತ ಪದ ಮರುದಿನ ಮೇಜಿನ ಬಳಿ ಕೇಳುತ್ತಿತ್ತು. ತನ್ನ ಸರದಿ ಬಂದಾಗ ಅವಳು ಪಾಠವನ್ನು ತನಗೆ ಗೊತ್ತಿದ್ದ ರೀತಿಯಲ್ಲೇ ಓದಿದಳು. ಕೂಗಿನಂತೆ ಎಳೆದು ಎತ್ತಿ, ಕೊನೆಗೆ ಪಿಸುಗುಟ್ಟಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಯಾರಮ್ಮ ಹೀಗೆ ಹೇಳಿಕೊಟ್ಟವರು, ನಮ್ಮ ವಂಶದಲ್ಲೇ ಯಾರೂ ಹೀಗೆ ಮಾತಾಡಿದವರಿಲ್ಲ ಎಂದರು. ನಿಮ್ಮ ಭಾಷೆಯಲ್ಲಿ ಎರಡು ಬಗೆ ಇದೆಯೇ ಎಂದು ಅವಳು ಕೇಳಿದಳು. ಇರುವುದೊಂದೇ, ಅದನ್ನು ಉಳಿಸುವುದೇ ಕಷ್ಟವಾಗಿದೆ ಎಂದರು. ಮೇಷ್ಟ್ರಿಗೆ ಊರು ಬಿಟ್ಟು ಬಹಳ ವರ್ಷವಾಗಿ ಮರೆತಿರಬೇಕು ಎಂದುಕೊಂಡು ಅವಳು ತನ್ನ ರಾಗವನ್ನು ಬಿಡಲಿಲ್ಲ.

ಇನ್ನೊಂದು ಗೊಂದಲ ರೋಲರಿನ ಮುಂದೆ ಶುರುವಾಯಿತು. ಮೊದಲು ಒಂದೆರಡು ಪದ ಅರ್ಥವಾದಾಗ ಅವಳಿಗೆ ಕುಣಿಯುವಂತಾಗಿತ್ತು. ಆಮೇಲೆ ಮೊಣಕಾಲು ಅರ್ಥವಾಯಿತು, ಸೋಪು ಅರ್ಥವಾಯಿತು, ನಾದಿನಿ, ಬಾಡಿಗೆ, ಮಲಬದ್ಧತೆ ಎಲ್ಲ ಅರ್ಥವಾದವು. ಅರ್ಥವಾದ ಜಾಗದಲ್ಲೆಲ್ಲ ಹಾಡು ನಿಂತುಹೋಗುತ್ತಿತ್ತು. ಇಷ್ಟು ದಿನ ತಾನು ಮೈಮರೆತು ಕೇಳಿದ್ದು ದೊಡ್ಡಕ್ಕನ ಹೊಟ್ಟೆಯ ಸಮಾಚಾರವೇ? ಮತ್ತೆ ಹಿಂದಿನಂತೆ ಬರೀ ಸದ್ದನ್ನು ಕೇಳೋಣವೆಂದು ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿ ನೋಡಿದಳು. ಆಗಲಿಲ್ಲ. ಕಿವಿ ಪದಗಳನ್ನು ಹೆಕ್ಕುತ್ತಲೇ ಇತ್ತು, ಅಕ್ಕಿಯಲ್ಲಿ ಕಲ್ಲು ಕಂಡ ಮೇಲೆ ಕಣ್ಣಿಗೆ ಕಲ್ಲೇ ಕಾಣುವ ಹಾಗೆ. ತನಗೆ ಬಂದದ್ದು ಲಾಭವೋ ನಷ್ಟವೋ ಅವಳಿಗೆ ತಿಳಿಯಲಿಲ್ಲ.

ಹಾಗೆ ಹೆಕ್ಕುವಾಗಲೇ ಸಣ್ಣಿಯ ವಿಷಯ ಕಿವಿಗೆ ಬಿತ್ತು. ಗಂಡ ಹೊಡೆಯುತ್ತಾನೆ. ಬೇರೆ ಊರಿನಲ್ಲಿ ಕೋಣೆ ನೋಡಿಯಾಗಿದೆ. ಮುಂದಿನ ವಾರ ಅವನು ವ್ಯಾನು ತೆಗೆದುಕೊಂಡು ದೂರ ಹೋದ ದಿನ ಮಗುವನ್ನು ಎತ್ತಿಕೊಂಡು ಹೊರಡುವುದು. ದೂರವಿದ್ದಾಗ ಉದ್ದಿ, ಪಾತ್ರೆ ತಗೋತೀಯಾ ಎಂದು ಕೂಗಿದಳು. ಹತ್ತಿರ ಬಂದಾಗ ಸಣ್ಣಿ, ಬೇಡ ಎಂದಳು.

ರೋಲರಕ್ಕನ ಮನೆಯಲ್ಲಿ ಒಂದು ಜೊತೆ ಪಾತ್ರೆ ಹೆಚ್ಚಿಗೆ ಇದ್ದವು. ಇದೇ ಸರಿಯಾದ ಹೊತ್ತು ಎನಿಸಿತು. ಟೀ ಬಿಡುವಿನಲ್ಲಿ ಮೂವರೇ ಅಂಗಳದ ಬೆಂಚಿನ ಮೇಲಿದ್ದಾಗ ಹೋಗಿ ಪಕ್ಕದಲ್ಲಿ ಕುಳಿತಳು. ಎರಡು ದಿನ ಬಾಯಿಪಾಠ ಮಾಡಿದ್ದ ಮಾತನ್ನು ಅವರ ಭಾಷೆಯಲ್ಲಿ, ಅವರದೇ ರಾಗದಲ್ಲಿ ಹೇಳಿದಳು. ಹೆದರಬೇಡ ತಂಗಿ, ಕೋಣೆಗೆ ಬೇಕಾದ ಪಾತ್ರೆ ನಾನು ಕೊಡುತ್ತೇನೆ. ಮೊದಲ ಅರ್ಧ ಅಂಗಳಕ್ಕೆಲ್ಲ ಕೇಳಿಸಿತು. ಕೊನೆಯದು ಅವರಿಗೂ ಸರಿಯಾಗಿ ಕೇಳಿಸಲಿಲ್ಲ.

ಉದ್ದಿ ಟೀ ಉಗುಳಿ ನಕ್ಕಳು. “ಅಯ್ಯೋ ಅಕ್ಕ, ಯಾಕ್ ಹೀಗ್ ಕೂಗ್ತೀರಾ? ಅದು ಭಾಷೆ ಅಲ್ಲ, ಬೆಡ್‌ಶೀಟು. ದೂರ ಇದ್ದಾಗ ಮಿಷಿನ್ ಗಲಾಟೇಲಿ ಕೇಳಲ್ಲ ಅಂತ ಕಿರುಚ್ತೀವಿ, ಹತ್ರ ಬಂದ್ರೆ ಮೆಲ್ಲಗೆ ಹೇಳ್ತೀವಿ. ಮನೇಲೂ ಹೀಗೆ ಮಾತಾಡಿದ್ರೆ ಗಂಡಂದ್ರು ಆಸ್ಪತ್ರೆಗೆ ಸೇರಿಸ್ತಾರೆ.”

ರೋಲರಕ್ಕನೂ ನಕ್ಕಳು, ನಗು ಅರ್ಧದಲ್ಲಿ ನಿಂತಿತು. ಸಣ್ಣಿ ನಗುತ್ತಿರಲಿಲ್ಲ. ಅವಳ ಮುಖ ಒಗೆದ ಬಟ್ಟೆಯಾಗಿತ್ತು. ದೊಡ್ಡಕ್ಕ ಲೋಟ ಕೆಳಗಿಟ್ಟಳು.

“ಎಷ್ಟು ವರ್ಷದಿಂದ ಕೇಳಿಸ್ಕೊಳ್ತಿದೀಯಾ?”

ವರ್ಷವಲ್ಲ, ಈಚೆಗೆ ಕಲಿತದ್ದು, ಗ್ರಂಥಾಲಯದ ಮಹಡಿಯಲ್ಲಿ ಮೇಷ್ಟ್ರು ಹೇಳಿಕೊಡುತ್ತಾರೆ ಎಂದು ಅವಳು ಹೇಳಿದಳು. ದೊಡ್ಡಕ್ಕ ತಲೆ ಆಡಿಸಿದಳು.

“ಮೇಷ್ಟ್ರ ಹತ್ರ ಕಲಿತವರು ಮೇಷ್ಟ್ರ ಹಾಗೆ ಮಾತಾಡ್ತಾರೆ. ಇದು ನಮ್ಮ ಮೇಜಿನ ಮಾತು. ಎದುರಿಗೆ ನಿಂತು ವರ್ಷಗಟ್ಲೆ ಕೇಳಿದೋರಿಗೆ ಬಿಟ್ರೆ ಬೇರೆಯೋರಿಗೆ ಬರಲ್ಲ. ನಾವು ನಕ್ಕಾಗೆಲ್ಲ ನೀನೂ ನಗ್ತಿದ್ದೆ. ನಾವೇ ಭೋಳೆಯರು.”

ಕೇಳಿದ್ದು ನಿಜ. ವರ್ಷಗಟ್ಟಲೆ ಕೇಳಿದ್ದೂ ನಿಜ. ನಕ್ಕದ್ದೂ ನಿಜ. ಎಲ್ಲ ನಿಜವೂ ಸೇರಿ ಹೇಗೆ ಸುಳ್ಳಾಯಿತು ಎಂಬುದು ಮಾತ್ರ ರೋಲರಕ್ಕನಿಗೆ ತಿಳಿಯಲಿಲ್ಲ. ಚಂದ ಅಂತ ಕೇಳುತ್ತಿದ್ದೆ ಎಂದಳು. ಆ ಮಾತು ಅವಳ ಸ್ವಂತ ಭಾಷೆಯಲ್ಲೇ ಪೆದ್ದುಪೆದ್ದಾಗಿ ಕೇಳಿಸಿತು.

“ಏನ್ ಚಂದ?” ಎಂದಳು ಸಣ್ಣಿ, ಮೊದಲ ಸಲ ಬಾಯಿ ಬಿಟ್ಟು. “ಅವನು ನನ್ನ ಹೊಡೆದದ್ದನ್ನ ನಾನು ಹೇಳ್ತಿದ್ದೆನಲ್ಲ, ಅದಾ?”

ಸಣ್ಣಿಯ ಗಂಡನೂ ರೋಲರಕ್ಕನ ಗಂಡನೂ ಗ್ಯಾರೇಜಿನಲ್ಲಿ ಒಂದೇ ಬೀಡಿಯನ್ನು ಸೇದುವವರು ಎಂಬುದು ಎಲ್ಲರಿಗೂ ಗೊತ್ತಿತ್ತು. ಮೂವರೂ ಲೋಟ ತೊಳೆದು ಎದ್ದುಹೋದರು.

ಆ ಮಧ್ಯಾಹ್ನ ಮೇಜಿನ ಬಳಿ ಮಾತಿರಲಿಲ್ಲ. ಬೆಡ್‌ಶೀಟು ಜಾಡಿಸಿದ ಸದ್ದು ಮಾತ್ರ ಬರುತ್ತಿತ್ತು. ಸಣ್ಣಿ ಮುಂದಿನ ವಾರದವರೆಗೆ ಕಾಯಲಿಲ್ಲ. ಮರುದಿನ ಬೆಳಿಗ್ಗೆಯೇ ಮಗುವಿನ ಜೊತೆ ಹೊರಟಳು, ಬಸ್ ನಿಲ್ದಾಣದಲ್ಲಿ ಗಂಡನ ವ್ಯಾನಿನ ಕಣ್ಣಿಗೆ ಬಿದ್ದು ವಾಪಸಾದಳು, ಕೆಲಸಕ್ಕೆ ಮತ್ತೆ ಬರಲಿಲ್ಲ. ನನ್ನ ಗಂಡನಿಗೆ ನಾನು ಒಂದಕ್ಷರ ಹೇಳಿಲ್ಲ ಎಂದು ರೋಲರಕ್ಕ ದೊಡ್ಡಕ್ಕನ ಕೈ ಹಿಡಿದು ಹೇಳಿದಳು. ಹೇಳಿರಲೂ ಇಲ್ಲ. ಹೇಳುವುದಕ್ಕೆ ಅವನು ಇಂಜಿನ್ನಿನ ವಿಷಯ ನಿಲ್ಲಿಸಬೇಕಿತ್ತು. ದೊಡ್ಡಕ್ಕ ಕೈ ಬಿಡಿಸಿಕೊಂಡು, ವಾರ ಕಳೆಯುವುದರೊಳಗೆ ಬಟ್ಟೆ ಹೊಲಿಯುವ ಕೋಣೆಗೆ ಬದಲಿ ಮಾಡಿಸಿಕೊಂಡಳು.

ಜನ ಸಾಲದೆ ಮೇಲ್ವಿಚಾರಕರು ರೋಲರಕ್ಕನನ್ನೇ ಮಡಚುವ ಮೇಜಿಗೆ ಹಾಕಿದರು. ಅವಳು ಆಸೆಪಟ್ಟಿದ್ದ ಜಾಗ ಅದೇ. ಉದ್ದಿ ಎದುರಿನ ತುದಿ ಹಿಡಿದಳು. ಹಿಂದೆ ಸರಿದಾಗ ಏನೂ ಹೇಳಲಿಲ್ಲ. ಹತ್ತಿರ ಬಂದಾಗ, ತುದಿ ಸರಿಯಾಗಿ ಹಿಡೀರಿ ಎಂದಳು, ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ.

ಉದ್ದಿ ಟೀ ಕುಡಿಯಲು ಹೊಲಿಯುವ ಕೋಣೆಗೆ, ದೊಡ್ಡಕ್ಕನ ಹತ್ತಿರ ಹೋಗತೊಡಗಿದಳು. ರೋಲರಕ್ಕ ತರಗತಿಗೆ ಹೋಗುವುದನ್ನು ಬಿಟ್ಟಳು. ಮಡಚುವ ಮೇಜಿನಿಂದ ಇಬ್ಬರು ಹೋದರು, ಟೀ ಬೆಂಚಿನಿಂದ ಮೂವರು, ಅವಳಿಂದ ಒಂದು ಭಾಷೆ.